ಹರಿಗೋಲಿನ ಯಮನೂರಪ್ಪನ ಎದೆಯ ಚಿತ್ರಗಳು

ಈಗ ಎಕ್ಸ್‌ರೇ, ಸ್ಕ್ಯಾನಿಂಗಿನ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನ ಹತ್ತಿರ ಬಂದರೆ ಕೇಳುವುದೆಲ್ಲ ಯಂತ್ರದ ಸುದ್ದಿ. ಎಷ್ಟು ಬೇಗ ಸುತ್ತುತ್ತದೆ, ಎಷ್ಟು ತೆಳ್ಳಗೆ ಕೊಯ್ದಂತೆ ತೋರಿಸುತ್ತದೆ, ಕಂಪ್ಯೂಟರೇ ರೋಗ ಗುರುತಿಸುವ ಕಾಲ ಬಂತಲ್ಲ, ಇನ್ನು ನಮಗೇನು ಕೆಲಸ ಉಳಿಯುತ್ತದೆ, ಇಂಥವು. ನಾನು ನಿವೃತ್ತಳಾದ ಮೇಲೆ ಯಂತ್ರಗಳು ಮತ್ತೆ ಬದಲಾಗಿವೆ. ಆ ವಿಷಯದಲ್ಲಿ ಅವರೇ ನನಗೆ ಹೇಳಿಕೊಡಬೇಕು. ನಾನು ಹೇಳಬಲ್ಲದ್ದು ಆ ಯಂತ್ರದ ಹಲಗೆಯ ಮೇಲೆ ಬಂದು ಮಲಗುವವರ ಸುದ್ದಿ. ಅದರಲ್ಲೂ ಒಬ್ಬನ ಸುದ್ದಿಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿದೆ. ಅದಕ್ಕೆ ಮೊದಲು ನಾನು ಯಾರು, ಎಂಥ ಕೋಣೆಗಳಲ್ಲಿ ದುಡಿದೆ ಎಂಬುದನ್ನು ಸ್ವಲ್ಪ ಹೇಳಿಬಿಡುತ್ತೇನೆ.

ನನ್ನ ಹೆಸರು ನೂರ್‌ಜಹಾನ್. ಆಸ್ಪತ್ರೆಯಲ್ಲಿ ಎಲ್ಲರಿಗೂ ನೂರಕ್ಕ. ಕುಕನೂರಿನಲ್ಲಿ ಹುಟ್ಟಿ ಬೆಳೆದವಳು. ಅಬ್ಬಾ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಅವರ ಮೀಸೆ, ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಚಳಿಗಾಲ ಬಂತೆಂದರೆ ಅವರ ಕೆಮ್ಮು ಇಡೀ ಓಣಿಗೆ ಕೇಳುತ್ತಿತ್ತು. ಮನುಷ್ಯರ ಎದೆಯೊಳಗೆ ಇಣುಕುವ ಕೆಲಸಕ್ಕೆ ನಾನು ಬಂದದ್ದು ಆ ಕೆಮ್ಮಿನಿಂದಲೇ ಎಂದು ಹೇಳಿದರೆ ಚಂದ ಕಾಣುತ್ತದೆ. ಆದರೆ ನಿಜವಲ್ಲ. ಪಿಯುಸಿ ಆದ ಮೇಲೆ ಯಾವ ಕೋರ್ಸಿಗೆ ಸೀಟು ಸಿಕ್ಕಿತೋ ಅದಕ್ಕೆ ಸೇರಿದೆ, ಅಷ್ಟೆ.

ಮೊದಲ ಕೆಲಸ ಕುಷ್ಟಗಿಯಲ್ಲಿ. ಕಿಟಕಿಯೇ ಇಲ್ಲದ ಕತ್ತಲೆ ಕೋಣೆ, ಒಂದು ಕೆಂಪು ಬಲ್ಬು, ಫಿಲ್ಮು ತೊಳೆಯುವ ತೊಟ್ಟಿಗಳು. ಬೇಸಿಗೆಯಲ್ಲಿ ತೊಟ್ಟಿಯ ನೀರು ಬಿಸಿಯಾಗಿ ಫಿಲ್ಮು ಕಪ್ಪಗಾಗಿಬಿಡುತ್ತಿತ್ತು. ಸೋಡಾ ಅಂಗಡಿಯಿಂದ ಬರ್ಫ ತಂದು ತೊಟ್ಟಿಯ ಸುತ್ತ ಇಡುತ್ತಿದ್ದೆವು. ಅಲ್ಲಿ ನನ್ನ ಮೇಲಿನವರು ರುದ್ರಗೌಡರು ಎಂಬ ಹಿರಿಯ ತಂತ್ರಜ್ಞರು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಫಿಲ್ಮು ಕೆಟ್ಟರೆ ಅವರು ಬೈಯುತ್ತಿರಲಿಲ್ಲ. ರೋಗಿಯ ಮುಖ ನೋಡದೆ ಗುಂಡಿ ಒತ್ತಿದರೆ ಬೈಯುತ್ತಿದ್ದರು.

“ಅಂವ ಬಾಗ್ಲದಿಂದ ಇಲ್ಲೀತನಕ ನಡದು ಬರೂದ್ರಾಗ ತೇಕಿದ್ನೋ ಇಲ್ಲೋ? ನೋಡ್ಲಿಲ್ಲಾ? ಮತ್ತ ಫಿಲ್ಮಿನ್ಯಾಗ ಏನ್ ನೋಡ್ತಿ ನೀ?”

ಆಗ ನನಗೆ ಅದು ಬರೀ ಬೈಗುಳವಾಗಿ ಕೇಳುತ್ತಿತ್ತು. ಮುಂದೆ ಯಲಬುರ್ಗಾಕ್ಕೆ ವರ್ಗವಾದೆ. ಅಲ್ಲಿದ್ದಾಗ ಕತ್ತಲೆ ಕೋಣೆ ಹೋಗಿ ಕಂಪ್ಯೂಟರ್ ಬಂತು, ಫಿಲ್ಮು ತೊಳೆದು ಕೈಗೆ ಅಂಟಿದ್ದ ಹುಳಿ ವಾಸನೆಯೂ ಹೋಯಿತು. ಕೊನೆಯ ವರ್ಷಗಳು ಕೊಪ್ಪಳದಲ್ಲಿ ಒಂದು ಸಿ.ಟಿ. ಸ್ಕ್ಯಾನ್ ಕೋಣೆಯಲ್ಲಿ ಕಳೆದವು.

ಸಿ.ಟಿ.ಯಲ್ಲಿ ಎದೆಯ ಚಿತ್ರ ಸರಿಯಾಗಿ ಬರಬೇಕಾದರೆ ರೋಗಿ ಉಸಿರನ್ನು ಪೂರ್ತಿ ಒಳಗೆಳೆದು ಅಲುಗಾಡದೆ ಹಿಡಿದಿರಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಒಳ್ಳೆಯ ಶ್ವಾಸಕೋಶವೂ ಮಬ್ಬಾಗಿ ಕಾಣುತ್ತದೆ. ಹಾಗೆ ಹೇಳಲು ಯಂತ್ರದೊಳಗೇ ಒಂದು ದನಿ ಇರುತ್ತದೆ. ನಮ್ಮ ಯಂತ್ರದ್ದು ಗಂಡಸಿನ ದನಿ, ಹಿಂದಿಯಲ್ಲಿ ಹೇಳುತ್ತಿತ್ತು. ಯಲಬುರ್ಗಾ ಕಡೆಯ ಮಂಗಳೂರಿನಿಂದ ಬಂದ ಒಬ್ಬ ಅಜ್ಜಿ ಆ ದನಿ ಕೇಳಿ ಹಲಗೆಯ ಮೇಲೆ ಎದ್ದು ಕೂತು, “ಯಾರ್‍ಯಪ್ಪಾ ಅಂವ, ಹೆಣ್ಮಕ್ಕಳು ಮಲಗಿರೂವಲ್ಲಿ ಒಳಗ ಕುಂತಾಂವ?” ಎಂದು ಸೆರಗು ಸರಿಮಾಡಿಕೊಂಡಳು. ಅವತ್ತೇ ಆ ದನಿಯನ್ನು ಬಂದ್ ಮಾಡಿದೆ. ಅಲ್ಲಿಂದ ಮುಂದೆ ಮೈಕಿನಲ್ಲಿ ನಾನೇ ಹೇಳುತ್ತಿದ್ದೆ. “ಉಸುರು ಒಳಗ ಜಗ್ರಿ, ಇನ್ನ ಸ್ವಲ್ಪ ಜಗ್ರಿ, ಹಿಡೀರಿ, ಹಂಗ ಇರ್ರಿ, ಹಾಂ, ಈಗ ಬಿಡ್ರಿ.” ಹಲಗೆಯ ಮೇಲೆ ಮಲಗಿಸುವ ಮೊದಲು ಬೆಂಚಿನ ಮೇಲೆ ಕೂರಿಸಿ ಒಂದೆರಡು ಸಲ ಹೇಳಿಕೊಟ್ಟು ರೂಢಿ ಮಾಡಿಸುತ್ತಿದ್ದೆ. ಮಕ್ಕಳಿಗೆ ನಾನು ಹೇಳುವ ಮೊದಲ ಪಾಠ ಇದೇ.

ಕೊಪ್ಪಳದಲ್ಲಿ ಚಿತ್ರಗಳನ್ನು ಓದಿ ವರದಿ ಬರೆಯುತ್ತಿದ್ದವರು ಧಾರವಾಡದ ಕಡೆಯ ದೇಸಾಯಿ ಡಾಕ್ಟರು. ಐವತ್ತರ ಹೆಣ್ಣುಮಗಳು, ಮಾತು ಕಡಿಮೆ. ಯಾವ ರೋಗಿ ಬಂದರೂ ಅವರ ಮೊದಲ ಪ್ರಶ್ನೆ, “ಹಳೇ ಚಿತ್ರ ತಂದಾರೇನು?” ತಂದಿಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಎರಡನೆಯ ಪ್ರಶ್ನೆ, “ಯಾವ ಔಷಧ ತಗೊಳ್ಳಾಕತ್ತಾರ?” ಆ ಪ್ರಶ್ನೆಯ ತೂಕ ನನಗೆ ಗೊತ್ತಾದದ್ದು ಕೀಮೋ ತೆಗೆದುಕೊಳ್ಳುವವರು ನಮ್ಮಲ್ಲಿಗೆ ಬರಲು ಶುರುವಾದ ಮೇಲೆ.

ನಮ್ಮ ಕಡೆಯ ಜನ ಕ್ಯಾನ್ಸರಿಗೆ ಔಷಧ ಹಾಕಿಸಿಕೊಳ್ಳಲು ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗುತ್ತಾರೆ. ನಡುನಡುವೆ ಬೇಕಾಗುವ ಚಿತ್ರಗಳನ್ನು ಹತ್ತಿರ ಎಂದು ಕೊಪ್ಪಳದಲ್ಲೇ ತೆಗೆಸುತ್ತಾರೆ. ಗಂಟು ಕರಗಿದೆಯೇ ಎಂದು ನೋಡುವುದಷ್ಟೇ ಆ ಚಿತ್ರದ ಕೆಲಸ ಎಂದು ಎಲ್ಲರೂ ತಿಳಿದಿರುತ್ತಾರೆ. ಇನ್ನೊಂದು ಕೆಲಸವಿದೆ. ಗಂಟನ್ನು ಕರಗಿಸುವ ಕೆಲವು ಔಷಧಗಳು ಕೆಲವರ ಶ್ವಾಸಕೋಶವನ್ನೂ ಸುಡುತ್ತವೆ. ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲೂ ಬರುವುದಿಲ್ಲ. ಆದ್ದರಿಂದ ಮೊದಲೊಂದು ಚಿತ್ರ, ನಡುವೆ ಕೆಲವು, ಮುಗಿದ ಮೇಲೊಂದು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬೇಕಿಲ್ಲದೆ ಒಂದೂ ತೆಗೆಯಬಾರದು, ಯಾಕೆಂದರೆ ಪ್ರತಿ ಚಿತ್ರವೂ ಮೈಗೆ ಅಷ್ಟಷ್ಟು ಕಿರಣ ತಾಗಿಸುತ್ತದೆ. ಈ ಲೆಕ್ಕದಲ್ಲಿ ದೇಸಾಯಿ ಡಾಕ್ಟರು ಬಹಳ ಬಿಗಿ.

ಯಮನೂರಪ್ಪ ಬಂದದ್ದು ಹೀಗೆ.

ಆನೆಗೊಂದಿಯವನು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವುದು ಅವನ ಕಸುಬು. ಮೂವತ್ತು ದಾಟಿದ, ಕಪ್ಪಗೆ ಕಡೆದಿಟ್ಟಂಥ ಆಳು. ಕುತ್ತಿಗೆಯ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹುಬ್ಬಳ್ಳಿಯಲ್ಲಿ ಅದರ ಚೂರು ತೆಗೆದು ಪರೀಕ್ಷಿಸಿ, ಲಿಂಫೋಮಾ ಎಂಬ ಗ್ರಂಥಿಯ ಕ್ಯಾನ್ಸರು ಎಂದಿದ್ದರು. ಗುಣವಾಗುವ ಜಾತಿಯದು ಎಂದೂ ಹೇಳಿದ್ದರು. ಔಷಧ ಶುರುಮಾಡುವ ಮೊದಲಿನ ಚಿತ್ರಕ್ಕೆ ಹೆಂಡತಿ ಹುಲಿಗೆಮ್ಮನ ಜೊತೆ ಬಂದಿದ್ದ.

ಬೆಂಚಿನ ಮೇಲೆ ಕೂರಿಸಿ ಉಸಿರು ಹಿಡಿಯುವುದನ್ನು ಹೇಳಿಕೊಡಲು ಹೋದರೆ ನಕ್ಕುಬಿಟ್ಟ. “ಅಕ್ಕಾರ, ಇದೊಂದು ನನಗ ಕಲಿಸಬ್ಯಾಡ್ರಿ.” ಹಲಗೆಯ ಮೇಲೆ ಮಲಗಿಸಿ, ಹಿಡೀರಿ ಎಂದೆ. ಎದೆ ಕಲ್ಲಿನ ಹಾಗೆ ನಿಂತಿತು. ಯಂತ್ರ ತನ್ನ ಕೆಲಸ ಮುಗಿಸಿತು. ಆ ಹೊತ್ತಿಗೆ ಪಕ್ಕದಲ್ಲಿ ಯಾರೋ ಏನೋ ಕೇಳಿದ್ದರಿಂದ ನಾನು ಮೈಕಿಗೆ ತಿರುಗುವುದು ಸ್ವಲ್ಪ ತಡವಾಯಿತು. ಕೊನೆಗೆ ತಾನೇ ಉಸಿರು ಬಿಟ್ಟು ಒಳಗಿನಿಂದ ಕೂಗಿದ. “ಏನ್ರಿ ಅಕ್ಕಾರ, ಬಿಡ್ರಿ ಅನ್ನೂದು ಮರ್ತ್ರೇನ? ನಾ ಮತ್ತ ಹಿಡೀತೀನಿ, ನೀವು ಚಾ ಕುಡದು ಬರ್ರಿ.”

ಹೊರಗೆ ಬಂದ ಮೇಲೆ ಹುಲಿಗೆಮ್ಮ ಹೇಳಿದಳು. “ಹೊಳ್ಯಾಗ ಬಿದ್ದು ಸತ್ತವರನ್ನ ಇವ್ರು ತಗೀತಾರ್ರಿ. ಇವ್ರ ಅಪ್ಪಾನೂ ತಗೀತಿದ್ದ. ಪೊಲೀಸರು ಇವ್ರನ್ನ ಕರೀತಾರ.” ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, “ನೀರಾಗ ಯಾರನೂ ಬಿಡಬಾರ್ದ್ರಿ. ಮನಿಮಂದಿ ದಂಡಿ ಮ್ಯಾಲ ಕಾಯ್ತಿರ್ತಾರ” ಎಂದ.

ಅವನ ಔಷಧಗಳಲ್ಲಿ ಒಂದರ ಹೆಸರು ಬ್ಲಿಯೊಮೈಸಿನ್. ಶ್ವಾಸಕೋಶದ ವಿಷಯದಲ್ಲಿ ಎಲ್ಲರೂ ಕಣ್ಣಿಟ್ಟು ಕಾಯುವ ಔಷಧ. ದೇಸಾಯಿ ಡಾಕ್ಟರು ಆ ಹೆಸರು ನೋಡಿದ ಕೂಡಲೇ ಮೊದಲ ಚಿತ್ರವನ್ನು ಜೋಪಾನವಾಗಿ ಇಡಲು ಹೇಳಿದರು. ಅಷ್ಟು ಸ್ವಚ್ಛವಾದ ಶ್ವಾಸಕೋಶ ನಾನು ನೋಡಿದ್ದು ಕಡಿಮೆ. ಬೀಡಿ ಇಲ್ಲ, ಧೂಳಿಲ್ಲ. ನದಿಯ ಗಾಳಿ ಕುಡಿದು ಬೆಳೆದ ಎದೆ.

ಎರಡನೆಯ ಚಿತ್ರದಲ್ಲಿ ಕುತ್ತಿಗೆಯ, ಎದೆಯೊಳಗಿನ ಗಂಟುಗಳು ಅರ್ಧಕ್ಕೆ ಇಳಿದಿದ್ದವು. ತಲೆಯ ಕೂದಲು ಹೋಗಿತ್ತು, ಮೈ ಇಳಿದಿತ್ತು. ಆದರೂ ಆವತ್ತು ಗಂಡಹೆಂಡಿರಿಬ್ಬರೂ ಹಬ್ಬದ ಮುಖ ಮಾಡಿಕೊಂಡು ಹೋದರು. ಮುಂದಿನ ವಾರ ಯಾರದೋ ಕೈಯಲ್ಲಿ ಅವರು ಕಳಿಸಿದ ಒಂದು ಬಾಳೆಗೊನೆ ನಮ್ಮ ಕೋಣೆಗೆ ಬಂತು.

ಮೂರನೆಯ ಸಲ ಬಂದಾಗ ಅವನು ಜೋಕು ಮಾಡಲಿಲ್ಲ. ಬಾಗಿಲಿನಿಂದ ಹಲಗೆಗೆ ಬರುವಾಗ ಗೋಡೆಗೆ ಕೈ ಆನಿಸಿ ನಿಂತ. ರುದ್ರಗೌಡರು ತೀರಿಕೊಂಡು ಆಗ ಎಷ್ಟೋ ಕಾಲವಾಗಿತ್ತು, ಆದರೆ ಅವರ ಬೈಗುಳ ಕಿವಿಯಲ್ಲಿ ಕೇಳಿದ ಹಾಗಾಯಿತು. “ಉಸುರು ಜಗ್ರಿ, ಹಿಡೀರಿ” ಎಂದೆ. ಹಿಡಿದ. ನಾನು ಬಿಡಿ ಎನ್ನುವ ಮೊದಲೇ ಬಿಟ್ಟುಬಿಟ್ಟ. ಚಿತ್ರದ ಕೆಳಭಾಗವೆಲ್ಲ ಅಲುಗಿ ಹೋಗಿತ್ತು. ಕೆಮ್ಮು ಬಂತು, ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

ಪರದೆಯ ಮುಂದೆ ಕೂತಿದ್ದ ದೇಸಾಯಿ ಡಾಕ್ಟರಿಗೆ ಹೋಗಿ ಹೇಳಿದೆ. “ಮೇಡಂ, ಈತ ಉಸುರು ಮೊದಲೇ ಬಿಟ್ಟ್ರಿ. ಇವನ ಕೈಲೇ ಆಗದಂಗ ಆಗೇತಿ.”

ಅವರು ಚಿತ್ರವನ್ನು ದಿಟ್ಟಿಸಿ ನೋಡುತ್ತಲೇ ಇದ್ದರು. ಎರಡೂ ಶ್ವಾಸಕೋಶಗಳ ಕೆಳಗೆ, ಬೆನ್ನಿನ ಕಡೆಯ ಅಂಚಿನಲ್ಲಿ, ಅಡುಗೆಮನೆಯ ಕಿಟಕಿಗೆ ಹಬೆ ಹಿಡಿದಂಥ ತೆಳು ಬೂದು. ಮಲಗಿದಾಗ ಬೆನ್ನಿನ ಕಡೆ ಭಾರ ಕೂತು ಹಾಗೆ ಕಾಣುವುದುಂಟು. ಉಸಿರು ಕಡಿಮೆಯಾದರೂ ಕಾಣುತ್ತದೆ. “ಡಬ್ಬ ಮಲಗಸ್ರಿ” ಎಂದರು. “ಕೆಳಗಿನ ಭಾಗ ಅಷ್ಟೇ ತಗೀರಿ, ಕಿರಣ ಕಡಿಮಿ ಇಟ್ಟು. ಬರೀ ಭಾರದ ಮಬ್ಬು ಆದ್ರ ಜಾಗಾ ಬದಲಸ್ತೈತಿ.”

ಹೊಟ್ಟೆ ಕೆಳಗಾಗಿ ಮಲಗಿಸಿದೆ. ಪಕ್ಕದಲ್ಲಿ ನಿಂತು, ಅವನ ಬೆನ್ನ ಮೇಲೆ ಕೈಯಿಟ್ಟು, ನಿಧಾನಕ್ಕೆ ಅವನ ಜೊತೆ ನಾನೂ ಉಸಿರೆಳೆದು ರೂಢಿ ಮಾಡಿಸಿ, ಆಮೇಲೆ ಹೊರಗೆ ಬಂದು ತೆಗೆದೆ. ಮಬ್ಬು ಜಾಗ ಬದಲಿಸಿರಲಿಲ್ಲ. ಮೊದಲ ಚಿತ್ರವನ್ನು ಪಕ್ಕಕ್ಕೆ ಹಚ್ಚಿದೆವು. ಅಲ್ಲಿ ಏನೂ ಇಲ್ಲ. ಇಲ್ಲಿ ಇದೆ.

ಡಾಕ್ಟರು ಹೊರಗೆ ಬಂದು ಅವನನ್ನೇ ಕೇಳಿದರು. “ದಮ್ಮು ಹತ್ತತೈತೇನು? ಕೆಮ್ಮು?”

“ಇಲ್ರಿ” ಎಂದ.

“ಸುಳ್ಳು ಹೇಳಾಕತ್ತಾರ್ರಿ!” ಹುಲಿಗೆಮ್ಮ ಎದ್ದು ನಿಂತಳು. “ಹೊಳಿ ಮೆಟ್ಲ ಹತ್ತೂದ್ರಾಗ ಕುಂಡ್ರತಾರ. ಹರಿಗೋಲು ನಾ ನಡಸಾಕತ್ತೀನಿ. ಹುಬ್ಬಳ್ಳಿ ಡಾಕ್ಟರ ಮುಂದ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಯಾರ.”

“ಹೇಳಿದ್ರ ಔಷಧ ನಿಲ್ಲಸ್ತಾರ” ಎಂದ ಅವನು, ನೆಲ ನೋಡುತ್ತ. “ಗಂಟು ಮತ್ತ ಏಳ್ತಾವ. ಅದಕ್ಕಿಂತ ದಮ್ಮು ಛಲೋ ಅಲ್ರೇನ?”

ಈ ಪ್ರಶ್ನೆಯನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು ಎಂದು ನನ್ನ ಆಸೆ. ರೋಗಿ ಕೆಮ್ಮನ್ನು ಮುಚ್ಚಿಡುವುದು ದಡ್ಡತನದಿಂದಲ್ಲ. ಅವನಿಗೆ ಬದುಕಬೇಕಾಗಿರುತ್ತದೆ. ತನ್ನನ್ನು ಬದುಕಿಸುತ್ತಿರುವುದು ಈ ಸೂಜಿಯೇ ಎಂದು ನಂಬಿ, ಅದನ್ನು ಯಾರೂ ಕಸಿದುಕೊಳ್ಳದಿರಲಿ ಎಂದು ಕಾಯುತ್ತಿರುತ್ತಾನೆ.

ಹಾಗೆಂದು ಕೀಮೋದವರ ಎದೆಯಲ್ಲಿ ಕಂಡ ಮಬ್ಬೆಲ್ಲ ಔಷಧದ್ದೇ ಆಗಿರುವುದಿಲ್ಲ. ಅದಕ್ಕೂ ಸ್ವಲ್ಪ ಮೊದಲು ಗಂಗಾವತಿಯ ಒಬ್ಬ ಟೇಲರ್ ಬಂದಿದ್ದರು. ಅವರದೂ ಹೆಚ್ಚುಕಡಿಮೆ ಅಂಥದೇ ಚಿತ್ರ. ಮನೆಯವರು ಆಗಲೇ ಔಷಧವನ್ನು ಬೈಯಲು ಶುರುಮಾಡಿದ್ದರು. ಕಫ ಪರೀಕ್ಷೆ ಮಾಡಿದರೆ ಸೋಂಕು ಎಂದು ಗೊತ್ತಾಯಿತು. ಅದಕ್ಕೆ ಮದ್ದು ಕೊಟ್ಟು, ಕೀಮೋ ಮುಂದುವರಿಸಿ, ಅವರು ಗುಣವಾದರು. ಸೋಂಕಿಗೆ ಕೊಡುವ ಮದ್ದೇ ಬೇರೆ, ಔಷಧದ ಸುಡುವಿಕೆಗೆ ಕೊಡುವ ಮದ್ದೇ ಬೇರೆ. ಚಿತ್ರ ಒಂದೇ ಹೇಳಲಾರದು. ದೇಸಾಯಿ ಡಾಕ್ಟರು ವರದಿಯಲ್ಲಿ ಎಂದೂ ಖಡಾಖಂಡಿತ ಮಾತು ಬರೆಯುತ್ತಿರಲಿಲ್ಲ. “ನನಗ ಕಂಡದ್ದು ಇದು, ಇದಾಗಿರಬಹುದು, ಇದೂ ಆಗಿರಬಹುದು, ಇಂಥಿಂಥ ಪರೀಕ್ಷೆ ಮಾಡ್ರಿ” ಎಂಬ ಧಾಟಿ. ಆವತ್ತೂ ಹಾಗೆಯೇ ಬರೆದು, ಆಮೇಲೆ ನಮ್ಮ ಎದುರಿಗೇ ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರಿಗೆ ಫೋನು ಮಾಡಿದರು.

ಅಲ್ಲಿ ಕಫ, ರಕ್ತ ನೋಡಿದರು, ಯಂತ್ರದ ಕೊಳವೆಯಲ್ಲಿ ಉಸಿರು ಊದಿಸಿ ಅಳೆದರು. ಸೋಂಕು ಸಿಗಲಿಲ್ಲ. ಬ್ಲಿಯೊಮೈಸಿನ್ ಒಂದನ್ನು ನಿಲ್ಲಿಸಿ, ಉಳಿದ ಔಷಧಗಳನ್ನು ಹಾಗೇ ಮುಂದುವರಿಸುವುದೆಂದು, ಎದೆಯ ಉರಿಯೂತಕ್ಕೆ ಸ್ಟೆರಾಯಿಡ್ ಮಾತ್ರೆ ಕೊಡುವುದೆಂದು ಅಲ್ಲಿನ ಡಾಕ್ಟರು ತೀರ್ಮಾನ ಮಾಡಿದರು.

ಯಮನೂರಪ್ಪ ಹುಲಿಗೆಮ್ಮನ ಜೊತೆ ಹುಬ್ಬಳ್ಳಿಯಿಂದ ಬರುವಾಗ ದಾರಿಯಲ್ಲಿ ಕೊಪ್ಪಳದಲ್ಲಿ ಇಳಿದು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಡಾಕ್ಟರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದ.

“ನೀವು ಫೋಟೋ ತಗದು ನನ್ನ ಔಷಧ ಕಸ್ಕೊಂಡ್ರಿ ಅಕ್ಕಾರ. ಗಂಟು ಎದ್ರ ಯಾರು ಹೊಣಿ?”

ಗಂಟು ಏಳುವುದಿಲ್ಲ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಏಳಬಹುದಿತ್ತು ಕೂಡ. “ಕುಂಡ್ರು ತಮ್ಮಾ, ನೀರು ಕುಡಿ” ಎಂದೆ. ಕೂರಲಿಲ್ಲ. ಅವನು ಮೆಟ್ಟಿಲಿಳಿದು ಹೋಗುವಾಗ ಕೆಮ್ಮು ಬಹಳ ಹೊತ್ತು ಕೇಳುತ್ತಿತ್ತು. ಒಳಗೆ ಬಂದು ದೇಸಾಯಿ ಡಾಕ್ಟರ ಎದುರು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಅವನ ಜಾಗಾದಾಗ ನಾನಿದ್ರೂ ಹಂಗ ಅಂತಿದ್ದೆ ನೂರ್” ಎಂದರು.

ಹುಲಿಗೆಮ್ಮ ಮಾತ್ರ ಹಿಂದೆ ಉಳಿದಿದ್ದಳು. ಡಾಕ್ಟರು ಅವಳನ್ನು ಕೂರಿಸಿ ಎರಡು ಮಾತು ತಿಳಿಸಿದರು. ಮುಂದೆ ಯಾವ ಆಸ್ಪತ್ರೆಯಲ್ಲಿ ಯಾವುದೇ ಆಪರೇಷನ್ ಆದರೂ ಈ ಔಷಧ ತೆಗೆದುಕೊಂಡಿದ್ದನ್ನು ಮೊದಲೇ ಹೇಳಬೇಕು, ಯಾಕೆಂದರೆ ಇಂಥವರಿಗೆ ಆಮ್ಲಜನಕವನ್ನೂ ಅಳತೆ ನೋಡಿ ಕೊಡಬೇಕಾಗುತ್ತದೆ. ಎರಡನೆಯದು, ಅವನು ಇನ್ನು ಉಸಿರು ಕಟ್ಟಿ ನದಿಯಲ್ಲಿ ಮುಳುಗಬಾರದು. ಹುಲಿಗೆಮ್ಮ ಔಷಧದ ಹೆಸರನ್ನು ಬಾಯಿಪಾಠ ಮಾಡಿದಳು. “ಬಿಲಿಯಾ... ಬಿಲಿಯೋ... ಏನ್ರಿ ಅದು?” ಒಂದು ಹತ್ತು ಸಲ ಹೇಳಿಸಿದೆ. ಕೊನೆಗೆ ಸರಿಯಾಗಿ ಹೇಳಿ, “ನಮ್ಮ ನಾದಿನಿ ಹೆಸರಿಗಿಂತ ಇದ ಛಲೋ ನೆನಪಿರ್ತೈತಿ ಬಿಡ್ರಿ” ಎಂದು ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿಕೊಂಡಿತು.

ಮುಂದಿನ ಚಿತ್ರದ ದಿನ ಅವರು ಬರಲಿಲ್ಲ. ಅದೇ ಮುಖ್ಯವಾದ ಚಿತ್ರ. ಔಷಧ ನಿಲ್ಲಿಸಿದ ಮೇಲೂ ಮಬ್ಬು ಹಬ್ಬುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಬೇಕಾಗಿತ್ತು. ಡಾಕ್ಟರು ಬೆಳಿಗ್ಗೆ ಬಂದವರೇ ಕೇಳಿದರು, “ಆನೆಗೊಂದಿಯಾಂವ ಬಂದ್ನೇನು?” ಇಲ್ಲ ಎಂದೆ. “ಫೋನ್ ಹಚ್ಚಿ ನೋಡ್ರಿ.”

ಹುಲಿಗೆಮ್ಮ ಎತ್ತಿಕೊಂಡಳು. ಹಿಂದೆ ಜನರ ಗದ್ದಲ, ಗಾಳಿಯ ಸದ್ದು.

“ಅಕ್ಕಾರ, ಹೊಳಿ ದಂಡಿ ಮ್ಯಾಲ ಅದೀವ್ರಿ. ನಿನ್ನಿ ಸಂಜಿಕ ಒಬ್ಬಾಕಿ ಕಾಲ್ಜಾರಿ ಹೋಗ್ಯಾಳ. ನಾಟಿ ಹಚ್ಚಾಕ ಬಂದಾಕಿ, ಕೆಲಸಾ ಮುಗಿಸಿ ಕೈಕಾಲು ತೊಳಿಯಾಕ ಇಳದಾಕಿ. ಪೊಲೀಸರು ಬಂದಾರ. ಇವ್ರು ಅಂಗಿ ಕಳದು ನಿಂತಾರ್ರಿ. ನಾ ಹೇಳಿದ್ರ ಕೇಳವಲ್ರು. ನೀವರ ಹೇಳ್ರಿ.”

ಡಾಕ್ಟರು ಆಗಲೇ ಬೇರೆ ಕೋಣೆಯಲ್ಲಿ ಒಬ್ಬ ಬಸುರಿಯ ಪರೀಕ್ಷೆಯಲ್ಲಿದ್ದರು. ಕರೆಯುವಷ್ಟು ಹೊತ್ತಿರಲಿಲ್ಲ. ಫೋನು ಕೈ ಬದಲಾಯಿತು.

“ಏನ್ರಿ ಅಕ್ಕಾರ.”

“ತಮ್ಮಾ, ಇಳೀಬ್ಯಾಡ.”

“ಆಕಿ ಗಂಡ ಇಲ್ಲೇ ಕಲ್ಲಿನ ಮ್ಯಾಲ ಕುಂತಾನ್ರಿ. ನಿನ್ನಿಂದ ಎದ್ದಿಲ್ಲ. ನನ್ನ ಮಾರೀನ ನೋಡಾಕತ್ತಾನ. ಏನ್ ಹೇಳ್ಲಿ ಅವಂಗ? ನನ್ನ ಎದಿ ಫೋಟೋದಾಗ ಮಬ್ಬು ಐತಿ ಅಂತ ಹೇಳ್ಲೇನ?”

“ಹೌದು. ಅದನ್ನ ಹೇಳು.”

ಫೋನಿನಲ್ಲಿ ಅವನ ಉಸಿರಿನ ಸದ್ದು ಕೇಳುತ್ತಿತ್ತು, ಸಣ್ಣ ಸಣ್ಣ ಉಸಿರು.

“ಅಲ್ಲಿ ಮುಳುಗವ್ರು ಇನ್ಯಾರೂ ಇಲ್ಲೇನ?” ಎಂದು ಕೇಳಿದೆ.

“ನಮ್ಮ ಚಿಗವ್ವನ ಮಗ ಹನುಮಂತ ಅದಾನ್ರಿ. ಈಜು ಬರ್ತೈತಿ. ಆದ್ರ ಮಡುವಿನ ಸುದ್ದಿ ತಿಳಿಯಂಗಿಲ್ಲ ಅವಂಗ. ಕಲ್ಲಿನ ಸಂದ್ಯಾಗ ನೀರು ಹೆಂಗ ತಿರಗತೈತಿ, ಎಲ್ಲಿ ಎಳೀತೈತಿ, ಒಂದೂ ಗೊತ್ತಿಲ್ಲ.”

“ನಿನಗ ಗೊತ್ತೈತೆಲ್ಲ! ನೀ ಹರಿಗೋಲಿನ್ಯಾಗ ಕುಂಡ್ರು. ಅವನ ಸೊಂಟಕ್ಕ ಹಗ್ಗಾ ಕಟ್ಟಿ ಹಿಡ್ಕೋ. ಎಲ್ಲಿ ಇಳೀಬೇಕು, ಎಲ್ಲಿ ಇಳೀಬಾರ್ದು ನೀ ಹೇಳು. ನೀನೂ ಒಳಗ ಹೋಗಿ ಮ್ಯಾಲ ಬರ್ಲಿಲ್ಲಂದ್ರ ಹನುಮಂತ ಇಬ್ಬರನ್ನ ತಗೀಬೇಕಾಗ್ತೈತಿ, ತಮ್ಮಾ.”

ಫೋನು ಕಡಿದುಹೋಯಿತು. ಅವನೇ ಇಟ್ಟನೋ, ಸಿಗ್ನಲ್ ಹೋಯಿತೋ ಗೊತ್ತಾಗಲಿಲ್ಲ. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಆವತ್ತು ಹೊರಗೆ ರೋಗಿಗಳ ಸಾಲು ದೊಡ್ಡದಿತ್ತು. ಒಬ್ಬರಾದ ಮೇಲೊಬ್ಬರನ್ನು ಮಲಗಿಸುತ್ತ ಎಬ್ಬಿಸುತ್ತ ಇದ್ದೆ. ಕೈ ಕೆಲಸ ಮಾಡುತ್ತಿತ್ತು, ತಲೆ ಆನೆಗೊಂದಿಯಲ್ಲಿತ್ತು. ನಾನು ಹೇಳಿದ್ದು ಸರಿಯೇ? ಹೋದವಳು ಹೇಗೂ ಹೋದಳು. ಆದರೆ ಕಲ್ಲಿನ ಮೇಲೆ ಕೂತ ಆ ಗಂಡನಿಗೆ ಅವಳನ್ನು ಮನೆಗೆ ಒಯ್ಯಬೇಕು ಎನ್ನುವುದೊಂದೇ ಉಳಿದಿತ್ತಲ್ಲ. ಅದನ್ನು ತಡೆಯಲು ಕೊಪ್ಪಳದ ತಣ್ಣನೆಯ ಕೋಣೆಯಲ್ಲಿ ಕೂತ ನಾನು ಯಾರು? ಡಾಕ್ಟರ ಎದುರು ಎಲ್ಲ ಹೇಳಿದೆ. “ಹೇಳೋದು ಹೇಳೀರಿ. ಇನ್ನ ನಮ್ಮ ಕೈಯಾಗಿಲ್ಲ” ಎಂದರು. ಹಾಗೆಂದವರೇ ಮಧ್ಯಾಹ್ನ ಊಟದ ಡಬ್ಬಿ ಕೈಯಲ್ಲೇ ಹಿಡಿದು ಬಂದು, “ಫೋನ್ ಬಂತೇನು?” ಎಂದು ಕೇಳಿದರು. ಇಲ್ಲ ಎಂದಾಗ ಡಬ್ಬಿಯನ್ನು ಹಾಗೇ ತೆಗೆದುಕೊಂಡು ಹೋದರು.

ಸಂಜೆ ಮನೆಗೆ ಹೊರಡುವ ಹೊತ್ತಿಗೆ ಹುಲಿಗೆಮ್ಮ ಫೋನು ಮಾಡಿದಳು.

“ಸಿಕ್ಕಳ್ರಿ ಅಕ್ಕಾರ. ಹನುಮಂತ ತಗದ. ಮೊದಲ ಬರಿಗೈಲೆ ಬಂದ, ಹೆದರಿದ್ದ. ಇವ್ರು ಹರಿಗೋಲಿನ್ಯಾಗ ಕುಂತು ಹಗ್ಗಾ ಹಿಡಕೊಂಡು, ಬಲಕ್ಕ ಹೋಗು, ಕಲ್ಲಿನ ಅಡ್ಯಾಗ ಕೈ ಹಾಕು, ಅಲ್ಲಿ ಸುಳಿ ಇಲ್ಲ, ಹೆದರಬ್ಯಾಡ ಅಂತ ಹೇಳಿ ಹೇಳಿ ಇಳಿಸಿದ್ರು. ಅಲ್ಲೇ ಇದ್ಲು.”

“ಯಮನೂರಪ್ಪ ಇಳೀಲಿಲ್ಲಾ?”

“ಇಳೀಲಿಲ್ರಿ. ಮನಿಗೆ ಬಂದು ಅತ್ರು. ನಮ್ಮ ಮಾವ ಸತ್ತಾಗೂ ಅತ್ತಿರ್ಲಿಲ್ಲ.”

ಮರುದಿನ ಹೇಳದೆ ಕೇಳದೆ ಇಬ್ಬರೂ ಬಂದರು. ಸ್ಟೆರಾಯಿಡ್ಡಿನಿಂದ ಅವನ ಮುಖ ಗುಂಡಗೆ ಊದಿಕೊಂಡಿತ್ತು. ಹಲಗೆಯ ಮೇಲೆ ಮಲಗುವ ಮೊದಲು ಹೇಳಿದ, “ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ರಿ ಅಕ್ಕಾರ.”

“ಇರ್ಲಿ ಬಿಡು. ಮಲಕೋ” ಎಂದೆ.

ಆ ಚಿತ್ರದಲ್ಲಿ ಮಬ್ಬು ಹಬ್ಬಿರಲಿಲ್ಲ. ಇಳಿದಿದೆ ಎಂದು ನನಗೆ ಕಂಡಿತು. ಡಾಕ್ಟರು ಹಳೆಯದನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿ, “ಇಳದೈತಿ, ಆದ್ರ ಸ್ವಲ್ಪ. ಈಗ ಖುಷಿ ಪಡೋದು ಬ್ಯಾಡ” ಎಂದರು. ಅವರು ಖುಷಿ ಪಟ್ಟಿದ್ದು ಅದರ ಮುಂದಿನ ಚಿತ್ರದಲ್ಲಿ. ಆವತ್ತು ಎದ್ದು ಹೊರಗೆ ಹೋಗಿ ತಾವೇ ಅವನಿಗೆ ತೋರಿಸಲು ಕರೆದುಕೊಂಡು ಬಂದರು. ಪರದೆಯ ಮೇಲೆ ಬೆರಳಿಟ್ಟು, ಇಲ್ಲಿತ್ತು, ಹೋಯಿತು, ಇಲ್ಲಿತ್ತು, ಹೋಯಿತು ಎಂದು ಒಂದೊಂದೇ ತೋರಿಸಿದರು. ಕೊನೆಗೆ ಬೆರಳು ತೀರಾ ಕೆಳಗಿನ ಅಂಚಿಗೆ ಬಂದು ನಿಂತಿತು. ಅಲ್ಲಿ ಸಣ್ಣ ಸಣ್ಣ ಬಿಳಿ ಗೆರೆಗಳು, ಬಟ್ಟೆಗೆ ಹಾಕಿದ ಹೊಲಿಗೆಯ ಹಾಗೆ.

“ಇವು ಹೋಗಂಗಿಲ್ಲ. ಗಾಯ ಮಾದ ಮ್ಯಾಲೆ ಕಲೆ ಉಳೀತೈತೆಲ್ಲ, ಹಂಗ.”

“ಗಂಟು?”

“ಗಂಟು ಇಲ್ಲ. ಉಳಿದ ಔಷಧ ತಮ್ಮ ಕೆಲಸ ಮಾಡ್ಯಾವ. ಹುಬ್ಬಳ್ಳ್ಯಾಗ ಅವರು ಇನ್ನೂ ಕೆಲವು ವರ್ಷ ನೋಡ್ತಾರ.”

“ಮುಳುಗಬಹುದೇನ್ರಿ?”

“ಬ್ಯಾಡ, ಯಮನೂರಪ್ಪ.”

ಅವನು ಗೆರೆಗಳನ್ನೇ ನೋಡುತ್ತ ನಿಂತ. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿ, “ನಡಿ, ಬಸ್ಸ ತಪ್ಪತೈತಿ” ಎಂದ. ಅಷ್ಟೇ. ಗುಣವಾದ ಸುದ್ದಿಯನ್ನು ಅಷ್ಟು ಸಪ್ಪಗೆ ತೆಗೆದುಕೊಂಡು ಹೋದವರನ್ನು ನಾನು ಬೇರೆ ನೋಡಿಲ್ಲ. ಬದುಕು ಸಿಕ್ಕಿತ್ತು, ಆದರೆ ಅಪ್ಪನಿಂದ ಬಂದದ್ದೊಂದು ಅಲ್ಲೇ ಮುಗಿದಿತ್ತು. ಎರಡನ್ನೂ ನಾನು ಒಂದೇ ಚಿತ್ರದಲ್ಲಿ ತೆಗೆದು ಕೊಟ್ಟಿದ್ದೆ.

ಈಗ ಎಷ್ಟೋ ಕಡೆ ಚಿತ್ರ ತೆಗೆಯುವುದು ಇಲ್ಲಿ, ಓದುವುದು ಇನ್ನೆಲ್ಲೋ ದೂರದ ಊರಲ್ಲಿ. ಒಂದು ತಾಸಿನಲ್ಲಿ ವರದಿ ಫೋನಿಗೇ ಬಂದುಬಿಡುತ್ತದೆ. ಒಳ್ಳೆಯದೇ. ಕುಷ್ಟಗಿಯಲ್ಲಿ ನಾವು ಒದ್ದೆ ಫಿಲ್ಮನ್ನು ಬಿಸಿಲಿಗೆ ಹಿಡಿದು ಡಾಕ್ಟರ ದಾರಿ ಕಾಯುತ್ತಿದ್ದುದನ್ನು ನೆನೆದರೆ ಯಾರೂ ಆ ಕಾಲ ಬೇಕೆನ್ನಲಾರರು. ಆದರೆ ದೂರದಲ್ಲಿ ಕೂತು ಓದುವವರಿಗೆ ರೋಗಿ ಗೋಡೆ ಹಿಡಿದು ಬಂದದ್ದು ಕಾಣುವುದಿಲ್ಲ. ಅವನು ಯಾವ ಔಷಧ ತೆಗೆದುಕೊಂಡ, ಹಳೆಯ ಚಿತ್ರ ಎಲ್ಲಿದೆ, ಉಸಿರು ಹಿಡಿಯಲು ಆಯಿತೋ ಇಲ್ಲವೋ, ಇಷ್ಟನ್ನು ಇಲ್ಲಿರುವವರು ಬರೆದು ಕಳಿಸದಿದ್ದರೆ ಅವರೂ ಏನು ಮಾಡಿಯಾರು? ಕೆಮ್ಮು, ಜ್ವರ ಎಂದಷ್ಟೇ ಬರೆದು ಕಳಿಸಬೇಡಿ. ಕೇಳಿ. ಏನೂ ಇಲ್ಲ ಎಂದು ಗಂಡ ಹೇಳಿದರೆ ಹೆಂಡತಿಯನ್ನು ಕೇಳಿ.

ನಿವೃತ್ತಳಾದ ಮೇಲೆ ಹೋದ ಚಳಿಗಾಲದಲ್ಲಿ ಒಮ್ಮೆ ಆನೆಗೊಂದಿಗೆ ಹೋಗಿದ್ದೆ. ಮನೆ ಕೇಳಿಕೊಂಡು ಹೋಗಬೇಕಾಗಲಿಲ್ಲ, ಅವನು ದಂಡೆಯಲ್ಲೇ ಸಿಕ್ಕ. ತಲೆಗೂದಲು ಬಂದಿತ್ತು, ಅಲ್ಲಲ್ಲಿ ಬೆಳ್ಳಗೆ. “ಬರ್ರಿ ಅಕ್ಕಾರ, ಹೊಳಿ ತೋರಸ್ತೀನಿ” ಎಂದು ಹರಿಗೋಲಿಗೆ ಹತ್ತಿಸಿಕೊಂಡ. ಹೊರಊರಿನ ನಾಲ್ಕೈದು ಜನ ಪ್ರವಾಸಿಗರೂ ಹತ್ತಿದರು. ಎದುರು ಬದಿಗೆ ಹುಲಿಗೆಮ್ಮ ಕೂತಳು, ಮಡಿಲಲ್ಲಿ ನೀರು ತಳ್ಳುವ ಇನ್ನೊಂದು ಹುಟ್ಟು.

ಬಂಡೆಗಳ ನಡುವೆ ಸ್ವಲ್ಪ ದೂರ ಹೋದೆವು. ನಡುನೀರಿಗೆ ಬಂದಾಗ ಅವನು ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತುಬಿಟ್ಟ. ಹರಿಗೋಲು ತನ್ನಷ್ಟಕ್ಕೆ ನಿಧಾನ ತಿರುಗತೊಡಗಿತು. ಪ್ರವಾಸಿಗರಲ್ಲಿ ಒಬ್ಬರು ಗಾಬರಿಯಿಂದ, “ಯಾಕಪ್ಪಾ ನಿಲ್ಲಿಸಿದೆ, ಏನಾಯಿತು?” ಎಂದು ಕೇಳಿದರು.

ನಾನು ಅವನ ಮುಖ ನೋಡಿದೆ. ಏನೋ ನೆಪ ಹೇಳುತ್ತಾನೆ ಅಂದುಕೊಂಡೆ.

“ನನಗ ಕ್ಯಾನ್ಸರ್ ಆಗಿತ್ರಿ” ಎಂದ ಅವನು, ಹವಾಮಾನದ ಸುದ್ದಿ ಹೇಳುವಷ್ಟು ಸಹಜವಾಗಿ. “ಔಷಧದಿಂದ ಎದಿ ಕೆಳಗ ಕಲೆ ಬಿದ್ದಾವ. ನಡುವ ದಮ್ಮು ಹತ್ತತೈತಿ. ಸ್ವಲ್ಪ ಕುಂತು ಹೋಗೂಣ್ರಿ. ನೀವು ಹೊಳಿ ನೋಡ್ರಿ.”

ಪ್ರವಾಸಿಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನದಿಯನ್ನು ನೋಡಿದರು. ಹುಲಿಗೆಮ್ಮ ಮಡಿಲಲ್ಲಿದ್ದ ಹುಟ್ಟನ್ನು ನೀರಿಗಿಳಿಸಿದಳು.